ಹೊಳೆಯಿಂದ ಹಿನ್ನೀರಿಗೆ: ವಾಹನದ ಮೇಲೊಂದು ದೋಣಿ

ಉತ್ತರದಲ್ಲಿ ತಲಪಾಡಿ, ದಕ್ಷಿಣದಲ್ಲಿ ತೃಕ್ಕರಿಪುರ. ಇವೆರಡರ ನಡುವಣ ಕಾಸರಗೋಡು ಜಿಲ್ಲೆಯನ್ನು ರಸ್ತೆಯ ನಕ್ಷೆಯಲ್ಲಿ ನೋಡಿದವರಿಗೆ ಅದು ಹೆದ್ದಾರಿಯೊಂದರ ಎರಡೂ ಬದಿಗಳಲ್ಲಿ ಬೆಳೆದ ಊರುಗಳ ಸಾಲಿನಂತೆ ತೋರುತ್ತದೆ. ನೀರಿನ ನಕ್ಷೆಯಲ್ಲಿ ನೋಡಿದರೆ ಚಿತ್ರವೇ ಬೇರೆ. ಕೇರಳದ 44 ನದಿಗಳಲ್ಲಿ 12 ಈ ಪುಟ್ಟ ಜಿಲ್ಲೆಯ ಪಾಲಿಗೆ ಬಂದಿವೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು, ಚಂದ್ರಗಿರಿ, ಕಳನಾಡು, ಬೇಕಲ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು, ಕವ್ವಾಯಿ ಎಂದು ಬಡಗಿನಿಂದ ತೆಂಕಿಗೆ ಎಣಿಸುತ್ತ ಹೋದರೆ ನೂರು ಕಿಲೋಮೀಟರಿನೊಳಗೆ ಹನ್ನೆರಡು ಹೊಳೆಗಳನ್ನು ದಾಟಿದಂತಾಗುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟೊಂದು ನೀರನ್ನು ಕಾಣಬಹುದಾದ ನಾಡುಗಳು ವಿರಳ. ಆದರೂ ಈ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಎಷ್ಟು ಮಂದಿ ತಮ್ಮ ಮನೆಗೆ ಹತ್ತಿರದ ಹೊಳೆಯ ಮೇಲೆ ದೋಣಿಯಲ್ಲಿ ಕುಳಿತಿರುವರು ಎಂದು ಕೇಳಿದರೆ ಎತ್ತುವ ಕೈಗಳು ಹೆಚ್ಚಿರಲಾರವು.

ಮೊದಲು ಹಾಗಿರಲಿಲ್ಲ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1801ರ ಜನವರಿಯಲ್ಲಿ ಮಲಬಾರಿನಿಂದ ಮಂಗಳೂರಿನ ಕಡೆಗೆ ಇದೇ ಕರಾವಳಿಯ ಮೂಲಕ ಸಾಗಿದನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ನೀಲೇಶ್ವರ, ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರಗಳ ವರ್ಣನೆ ಇದೆ. ಆ ಕಾಲದ ಪ್ರಯಾಣವೆಂದರೆ ಹೊಳೆಯಿಂದ ಹೊಳೆಗೆ ನಡೆಯುವುದು, ಕಡವಿನಲ್ಲಿ ಅಂಬಿಗನಿಗಾಗಿ ಕಾಯುವುದು, ಮತ್ತೆ ನಡೆಯುವುದು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿತು. ಆಮೇಲೆ ರಸ್ತೆಯ ಸೇತುವೆಗಳು ಬಂದವು. ಸೇತುವೆ ಬಂದಲ್ಲೆಲ್ಲ ಕಡವು ಮುಚ್ಚಿತು. ಜನರಿಗೆ ಅನುಕೂಲವಾಯಿತೆಂಬುದರಲ್ಲಿ ಸಂಶಯವಿಲ್ಲ. ಮಳೆಗಾಲದಲ್ಲಿ ಗರ್ಭಿಣಿಯನ್ನು ದೋಣಿಯಲ್ಲಿ ಆಸ್ಪತ್ರೆಗೆ ಸಾಗಿಸಬೇಕಾದ ಕಷ್ಟವನ್ನು ಕಂಡವರು ಯಾರೂ ಸೇತುವೆಯನ್ನು ದೂರಲಾರರು. ಆದರೆ ಕಡವಿನೊಂದಿಗೆ ಇನ್ನೊಂದು ವಸ್ತುವೂ ಮರೆಯಾಯಿತು. ಅದು ನೀರಿನ ಪರಿಚಯ. ಇಂದು ಆರು ಪಥಗಳ ಹೆದ್ದಾರಿಯಲ್ಲಿ ಧಾವಿಸುವ ವಾಹನಕ್ಕೆ ಹೊಳೆಯೆಂಬುದು ಸೇತುವೆಯ ತಡೆಗೋಡೆಯಾಚೆ ಒಂದು ಕ್ಷಣ ಮಿನುಗಿ ಮಾಯವಾಗುವ ಹೊಳಪು ಮಾತ್ರ.

ಈ ಪರಿಚಯವನ್ನು ಮರಳಿ ಪಡೆಯಲು ಒಂದು ಹಾದಿಯುಂಟು. ಅದು ರಸ್ತೆಯ ಪ್ರಯಾಣ ಮತ್ತು ನೀರಿನ ಪ್ರಯಾಣಗಳೆರಡನ್ನೂ ಒಂದುಗೂಡಿಸುವ ಹಾದಿ.

ಉತ್ತರ ಅಮೆರಿಕದ ರೂಢಿ

ಅಮೆರಿಕದ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿಯೂ ಕೆನಡಾದಲ್ಲಿಯೂ ಬೇಸಗೆ ಬಂತೆಂದರೆ ಅನೇಕ ಕುಟುಂಬಗಳು ಸರೋವರಗಳತ್ತ ಹೊರಡುತ್ತವೆ. ಪಿಕಪ್ ವಾಹನದ ಹಿಂಭಾಗದ ತೊಟ್ಟಿಯಲ್ಲಿ ಮಲಗುವ ಹಲಗೆ, ಒಲೆ, ನೀರಿನ ತೊಟ್ಟಿಗಳಿರುವ ಚಿಕ್ಕದೊಂದು ಕೋಣೆಯನ್ನು ಕೂರಿಸುತ್ತಾರೆ. ಅದರ ನೆತ್ತಿಯ ಮೇಲೆ ಕನೂ ಎಂಬ ಹಗುರವಾದ ಉದ್ದ ದೋಣಿಯನ್ನು ಮಗುಚಿ ಕಟ್ಟುತ್ತಾರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1893ರಲ್ಲಿ ಸ್ಥಾಪಿತವಾದ ಅಲ್ಗೊಂಕ್ವಿನ್ ಉದ್ಯಾನವೂ, ಮಿನ್ನೆಸೋಟ ರಾಜ್ಯದ ಗಡಿಯಲ್ಲಿರುವ ಸಾವಿರಕ್ಕೂ ಮಿಕ್ಕ ಸರೋವರಗಳ ಅರಣ್ಯವೂ ಇಂಥ ಪಯಣಗಳಿಗೆ ಹೆಸರಾದವು. ಒಂದು ಸರೋವರ ಮುಗಿದಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತು ಕಾಡಿನ ಕಾಲುದಾರಿಯಲ್ಲಿ ನಡೆದು ಮುಂದಿನ ಸರೋವರಕ್ಕೆ ಇಳಿಸುವುದು ಅಲ್ಲಿಯ ಪದ್ಧತಿ. ಆ ಕಾಲುದಾರಿಗಳ ಉದ್ದವನ್ನು ಮಿನ್ನೆಸೋಟದವರು ಇಂದಿಗೂ ‘ರಾಡ್’ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಮೆ ಒಂದು ದೋಣಿಯ ಉದ್ದ.

ಈ ಪದ್ಧತಿ ಬಿಳಿಯರು ಕಂಡುಹಿಡಿದುದಲ್ಲ. ಬರ್ಚ್ ಮರದ ತೊಗಟೆಯನ್ನು ದೇವದಾರು ಜಾತಿಯ ಮರದ ಸೀಳುಗಳ ಮೇಲೆ ಹೊದಿಸಿ, ಸ್ಪ್ರೂಸ್ ಮರದ ಬೇರುಗಳಿಂದ ಹೊಲಿದು, ಅದರ ಅಂಟಿನಿಂದ ಬಿರುಕುಗಳನ್ನು ಮುಚ್ಚಿ ದೋಣಿ ಕಟ್ಟುವ ವಿದ್ಯೆಯು ಒಜಿಬ್ವೆ ಮೊದಲಾದ ಮೂಲನಿವಾಸಿಗಳದು. ಯಾವ ನೆಲದಲ್ಲಿ ಯಾವ ಮರವಿದೆಯೋ ಆ ಮರವೇ ಅಲ್ಲಿಯ ದೋಣಿಯಾಗುತ್ತದೆ. ಮಲೆನಾಡು ಮತ್ತು ಕರಾವಳಿಗಳಲ್ಲಿ ಬೃಹತ್ ಮರಗಳಿದ್ದುದರಿಂದ ಇಲ್ಲಿ ಹೆಬ್ಬಲಸು, ಮಾವು ಮುಂತಾದ ಮರಗಳ ದಿಮ್ಮಿಯನ್ನು ಕೊರೆದು ಓಡಗಳನ್ನು ಮಾಡಿದರು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವ ದೋಣಿಗಳೂ ಈ ಪಡುವಣ ಕಡಲತೀರದ ಹಳೆಯ ಸಂಪತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೊಸನು ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗುತ್ತಿದ್ದುದನ್ನೂ ಅದಕ್ಕೆ ಬದಲಾಗಿ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನೂ ದಾಖಲಿಸಿದ್ದಾನೆ. ಅಕ್ಕಿ ಕೊಟ್ಟು ನಾರು ಕೊಂಡ ಆ ವ್ಯಾಪಾರದ ಹಿಂದೆ ಹಗ್ಗ, ಹಾಯಿ, ಹೊಲಿಗೆಗಳ ಒಂದು ಲೋಕವೇ ಇತ್ತು.

ಕೇರಳ ಸರಕಾರವು 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಹೆಸರಿನಲ್ಲಿ ವಾಸಯೋಗ್ಯ ವಾಹನಗಳ ಪ್ರವಾಸ ಯೋಜನೆಯನ್ನು ಪ್ರಕಟಿಸಿತು. ಅಂಥ ವಾಹನ ಎಲ್ಲರಿಗೂ ಎಟಕುವಂಥದಲ್ಲ. ಸಾಮಾನ್ಯ ಕುಟುಂಬಕ್ಕೆ ಅದು ಬೇಕಾಗಿಯೂ ಇಲ್ಲ. ಜೀಪು ಅಥವಾ ಕಾರಿನ ಮಾಡಿನ ಮೇಲೆ ಕಟ್ಟಬಲ್ಲ ನಾಲ್ಕೈದು ಮೀಟರ್ ಉದ್ದದ ಹಗುರ ದೋಣಿ, ಒಂದು ಟಾರ್ಪಾಲು, ಅಕ್ಕಿ, ಬೇಳೆ, ಕುಡಿಯುವ ನೀರು ಇವಿಷ್ಟಿದ್ದರೆ ಸಾಕು. ದೋಣಿ ಇಲ್ಲದವರಿಗೆ ತೆಂಕಣ ಹಿನ್ನೀರಿನಲ್ಲಿ ಬಾಡಿಗೆಯ ದೋಣಿಗಳು ದೊರೆಯುತ್ತವೆ. ಎರಡು ಮಾತುಗಳನ್ನು ಮಾತ್ರ ನೆನಪಿಡಬೇಕು. ಸರಕು ವಾಹನದ ಹಿಂಭಾಗದಲ್ಲಿ ಜನರನ್ನು ಕೂರಿಸಿ ಸಾಗಿಸುವುದು ಕಾನೂನಿಗೆ ವಿರುದ್ಧ. ವಾಹನದ ರೂಪವನ್ನು ಬದಲಿಸಿ ಕೋಣೆ ಕಟ್ಟುವುದಾದರೆ ಮೋಟಾರು ವಾಹನ ಇಲಾಖೆಯ ಅನುಮತಿ ಬೇಕು. ದೋಣಿಯನ್ನು ಮಾಡಿಗೆ ಎರಡು ಪಟ್ಟಿಗಳಿಂದ ಬಿಗಿದರೆ ಸಾಲದು. ಅದರ ಮುಂದಿನ ಮತ್ತು ಹಿಂದಿನ ತುದಿಗಳನ್ನೂ ವಾಹನಕ್ಕೆ ಹಗ್ಗದಿಂದ ಕಟ್ಟಬೇಕು. ಹೆದ್ದಾರಿಯ ಗಾಳಿ ಹಗುರ ದೋಣಿಯನ್ನು ಎತ್ತಿ ಎಸೆಯಬಲ್ಲದು.

ಗಡಿ ಅರಿಯದ ಹೊಳೆಗಳು

ತಲಪಾಡಿ ದಾಟಿದೊಡನೆ ಸಿಗುವ ಮಂಜೇಶ್ವರ ಹೊಳೆಯ ಉದ್ದ ಕೇವಲ 16 ಕಿಲೋಮೀಟರ್. ಕೇರಳದ ನದಿಗಳಲ್ಲಿ ಇದೇ ಅತಿ ಚಿಕ್ಕದು. ಇದರ ಹುಟ್ಟು ಬಾಳೆಪುಣಿಯ ಗುಡ್ಡದಲ್ಲಿ. ಅನಂತರದ ಉಪ್ಪಳ ಹೊಳೆ ವೀರಕಂಬದ ಗುಡ್ಡಗಳಿಂದ ಇಳಿದು ಬರುತ್ತದೆ. ಜಿಲ್ಲೆಯ ಅತಿ ದೊಡ್ಡ ನದಿಯಾದ ಚಂದ್ರಗಿರಿಯ ಮೂಲ ಕೊಡಗಿನಲ್ಲಿ. ಸುಳ್ಯದವರು ಅದನ್ನು ಪಯಸ್ವಿನಿ ಎಂದು ಕರೆಯುತ್ತಾರೆ. ಹೀಗೆ ಈ ಹೊಳೆಗಳ ತವರು ಕರ್ನಾಟಕ, ಕಡಲು ಸೇರುವ ಮನೆ ಕಾಸರಗೋಡು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹರಿಯುತ್ತಿದ್ದ ನೀರು ಎರಡು ರಾಜ್ಯಗಳದಾಯಿತು. ಮಣ್ಣಿನ ಮೇಲೆ ಎಳೆದ ಗೆರೆಯನ್ನು ಜನರು ಅರಿತರು, ಹೊಳೆ ಅರಿಯಲಿಲ್ಲ. ಮೇಲ್ಗಡೆ ಅಡಿಕೆ ತೋಟಗಳಿಗೆ ಎಷ್ಟು ನೀರೆತ್ತುತ್ತಾರೆ, ಎಷ್ಟು ಮಳೆಯಾಗುತ್ತದೆ ಎಂಬುದರ ಮೇಲೆಯೇ ಬೇಸಗೆಯಲ್ಲಿ ಕೆಳಗಿನ ನೀರು ಸಿಹಿಯೋ ಉಪ್ಪೋ ಎಂಬುದು ನಿಂತಿದೆ. ಹೊಳೆಯ ಹರಿವು ಕ್ಷೀಣಿಸಿದಾಗ ಸಮುದ್ರದ ನೀರು ಒಳಗೇರಿ ಕಾಸರಗೋಡು ನಗರದ ಕುಡಿಯುವ ನೀರನ್ನು ಉಪ್ಪಾಗಿಸುತ್ತಿದ್ದುದನ್ನು ಊರವರು ಬಲ್ಲರು. ಅದನ್ನು ತಡೆಯುವುದಕ್ಕಾಗಿಯೇ ಬಾವಿಕ್ಕರೆಯಲ್ಲಿ ಅಡ್ಡಗಟ್ಟ ನಿರ್ಮಾಣವಾಯಿತು.

ಕುಂಬಳೆಯ ಸಮೀಪ ದೋಣಿ ಇಳಿಸಲಾಗದ ಒಂದು ಸರೋವರವಿದೆ. ಕನ್ನಡ ಮನೆಗಳಲ್ಲಿ ಸರೋವರವೆಂದೊಡನೆ ನೆನಪಾಗುವುದು ಅದುವೇ. ಕೆಂಪು ಮುರಕಲ್ಲಿನ ನೆಲದಲ್ಲಿ ತಗ್ಗಾಗಿ ನಿಂತ ನೀರಿನ ನಡುವೆ ಅನಂತಪುರದ ಗುಡಿ ಇದೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೆಂಬುದು ಭಕ್ತರ ನಂಬಿಕೆ. ಅಲ್ಲಿ ಹಲವು ದಶಕಗಳ ಕಾಲ ನೈವೇದ್ಯದ ಅನ್ನ ತಿಂದು ಯಾರಿಗೂ ಕೇಡು ಮಾಡದೆ ಬಾಳಿದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜಾತಿಮತಗಳ ಭೇದವಿಲ್ಲದೆ ಜನ ಬಂದು ಕೈಮುಗಿದರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನೀರಿನ ಜೀವಿಯೊಂದನ್ನು ಊರು ತನ್ನದೆಂದು ಭಾವಿಸಿದರೆ ಅದು ಎಷ್ಟು ನಿರ್ಭಯವಾಗಿ ಬದುಕಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಈ ಮಾತು ಮುಂದೆ ಚಂದ್ರಗಿರಿಯ ದಡದಲ್ಲಿ ಮತ್ತೆ ನೆನಪಾಗಬೇಕಾಗುತ್ತದೆ.

ಚಂದ್ರಗಿರಿಯ ಮರಳಿನಲ್ಲಿ

ಕಾಸರಗೋಡು ಪಟ್ಟಣದಿಂದ ತೆಂಕಣಕ್ಕೆ ಹೋಗಲು ಎರಡು ದಾರಿಗಳಿವೆ. ಹೆದ್ದಾರಿಯು ಒಳನಾಡಿಗೆ ಸರಿದು ಚೆರ್ಕಳವನ್ನು ಹಾದು ತೆಕ್ಕಿಲ್ ಎಂಬಲ್ಲಿ ನದಿಯನ್ನು ದಾಟುತ್ತದೆ. ಕರಾವಳಿಯ ರಸ್ತೆಯು ಚಂದ್ರಗಿರಿ ಸೇತುವೆಯ ಮೂಲಕ ಮೇಲ್ಪರಂಬ, ಉದುಮ, ಬೇಕಲಗಳತ್ತ ಸಾಗುತ್ತದೆ. ನೀರನ್ನು ನೋಡಬಯಸುವವರಿಗೆ ಎರಡನೆಯದೇ ಲೇಸು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆನ್ನುವ ಚಂದ್ರಗಿರಿ ಕೋಟೆಯ ಮೇಲೆ ನಿಂತರೆ ನದಿ ಕಡಲಿಗೆ ಸೇರುವ ನೋಟ ಕಣ್ಣಿಗೆ ಕಟ್ಟುತ್ತದೆ. ತುಳುನಾಡಿನ ತೆಂಕಣ ಎಲ್ಲೆ ಈ ನದಿಯೆಂಬುದು ಬಹುಕಾಲದ ಹೇಳಿಕೆ. ದೋಣಿಯಲ್ಲಿ ಹೋಗುವವನಿಗೆ ಎಲ್ಲೆಯ ಎರಡೂ ದಡಗಳಲ್ಲಿ ಕಾಣುವುದು ಒಂದೇ ಬಗೆಯ ತೆಂಗು, ಒಂದೇ ಬಗೆಯ ಕಾಂಡ್ಲ ಗಿಡ, ಒಂದೇ ಬಗೆಯ ಬಲೆ.

ಈ ನದಿಯ ಮರಳಿನಲ್ಲಿ ಜಗತ್ತಿನ ಅತಿ ವಿರಳ ಜೀವಿಗಳಲ್ಲೊಂದು ಮೊಟ್ಟೆಯಿಡುತ್ತದೆ. ಅದು ಮೆದುಚಿಪ್ಪಿನ ಹೆಬ್ಬಾಮೆ. ಸುಮಾರು ಒಂದು ಮೀಟರಿನಷ್ಟು ಬೆಳೆಯಬಲ್ಲ ಈ ಆಮೆ ತನ್ನ ಬಾಳಿನ ಬಹುಭಾಗವನ್ನು ನದಿಯ ತಳದ ಮರಳಿನಲ್ಲಿ ಹುದುಗಿ, ಅಲುಗಾಡದೆ, ಕಣ್ಣು ಮೂಗುಗಳನ್ನು ಮಾತ್ರ ಹೊರಗಿಟ್ಟು ಕಳೆಯುತ್ತದೆ. ಆದ್ದರಿಂದಲೇ ಅದನ್ನು ಕಂಡವರು ಕಡಿಮೆ. ಚಂದ್ರಗಿರಿಯಲ್ಲಿ ಅದು ಸಂತಾನೋತ್ಪತ್ತಿ ನಡೆಸುತ್ತಿದೆ ಎಂಬುದನ್ನು ಖಚಿತಪಡಿಸಿದ ಅಧ್ಯಯನವು 2024ರಲ್ಲಿ ‘ಓರಿಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸಂಶೋಧನೆಯ ವಿಶೇಷವೆಂದರೆ ವಿಜ್ಞಾನಿಗಳು ಮೊದಲು ಉಪಕರಣಗಳನ್ನಲ್ಲ, ನದಿದಡದ ಜನರನ್ನು ಆಶ್ರಯಿಸಿದುದು. ಎಲ್ಲಿ ಆಮೆ ಕಂಡಿತ್ತು, ಯಾವ ತಿಂಗಳಲ್ಲಿ ಕಂಡಿತ್ತು, ಯಾವ ಮರಳದಿಬ್ಬದಲ್ಲಿ ಮೊಟ್ಟೆಯಿತ್ತು ಎಂಬುದನ್ನು ತಿಳಿಸಿದವರು ಅಲ್ಲಿಯ ನಿವಾಸಿಗಳು. ನೀರಿನಲ್ಲಿ ಮುಳುಗಿದ ಗೂಡುಗಳಿಂದ ಮೊಟ್ಟೆಗಳನ್ನು ಉಳಿಸಿ, ಮರಿಗಳನ್ನು ನದಿಗೆ ಬಿಡುವುದರಲ್ಲಿಯೂ ಅವರ ಕೈ ಸೇರಿತ್ತು.

ಕಾಸರಗೋಡು ಜಿಲ್ಲಾ ಪಂಚಾಯತು ಇದೇ ಆಮೆಯನ್ನು ಜಿಲ್ಲೆಯ ಜೀವಿಯೆಂದು ಘೋಷಿಸಿದೆ. ಅದರೊಂದಿಗೆ ಕಾಸರಕವನ್ನು ಜಿಲ್ಲೆಯ ಮರವೆಂದೂ, ಬಿಳಿ ಹೊಟ್ಟೆಯ ಕಡಲ ಹದ್ದನ್ನು ಹಕ್ಕಿಯೆಂದೂ, ಪೆರಿಯದ ತೋಡುಗಳಲ್ಲಿ ಅರಳುವ ಒಂದು ಬಿಳಿ ನೀರುಹೂವನ್ನು ಜಿಲ್ಲೆಯ ಹೂವೆಂದೂ ಆರಿಸಲಾಯಿತು. ಭಾರತದಲ್ಲಿ ಒಂದು ಜಿಲ್ಲೆ ಹೀಗೆ ತನ್ನದೇ ಆದ ಲಾಂಛನಗಳನ್ನು ಆರಿಸಿಕೊಂಡುದು ಇದೇ ಮೊದಲು. ಕಾಸರಕ ಮರದಿಂದಲೇ ಊರಿಗೆ ಹೆಸರು ಬಂದಿತೆಂಬ ವಿವರಣೆಯನ್ನು ಹಿರಿಯರು ಹೇಳುವುದುಂಟು. ಈ ನಾಲ್ಕರಲ್ಲಿ ಮೂರು ನೀರನ್ನು ನಂಬಿ ಬದುಕುವಂಥವು. ಮರಳೆತ್ತುವ ಲಾರಿಗಳು ದಡಕ್ಕೆ ಇಳಿದಾಗ ಮೊದಲು ಹೋಗುವುದು ಆಮೆಯ ಗೂಡು. ಅನಂತಪುರದ ಮೊಸಳೆಗೆ ದೇವಸ್ಥಾನದ ಆಶ್ರಯವಿತ್ತು. ಚಂದ್ರಗಿರಿಯ ಆಮೆಗೆ ಹೊಳೆಯನ್ನು ಬಲ್ಲ ಜನರಲ್ಲದೆ ಬೇರೆ ಆಶ್ರಯವಿಲ್ಲ. ಹೊಳೆಯನ್ನು ಬಲ್ಲವರು ಉಳಿಯದಿದ್ದರೆ ಮುಂದಿನ ಸಂಶೋಧಕರು ಬಂದು ಕೇಳಿದಾಗ ಉತ್ತರ ಕೊಡುವವರಾರು?

ಕವ್ವಾಯಿಯ ವಿಸ್ತಾರ

ಬೇಕಲದ ಕೋಟೆ, ಹೊಸದುರ್ಗಗಳನ್ನು ಹಿಂದಿಕ್ಕಿ ನೀಲೇಶ್ವರಕ್ಕೆ ಬಂದರೆ ರಸ್ತೆಯ ಪ್ರಯಾಣ ಮುಗಿಯಿತು, ನೀರಿನ ಪ್ರಯಾಣ ತೊಡಗಿತು ಎನ್ನಬಹುದು. ಕೊಡಗಿನ ಕಡೆಯ ಕಾಡುಗಳಿಂದ ಇಳಿದುಬರುವ ಕಾರ್ಯಂಗೋಡು ಹೊಳೆಗೆ ತೇಜಸ್ವಿನಿ ಎಂಬ ಇನ್ನೊಂದು ಹೆಸರೂ ಉಂಟು. ಪಯಸ್ವಿನಿ, ತೇಜಸ್ವಿನಿ ಎಂಬ ಜೋಡಿ ಹೆಸರುಗಳನ್ನು ಒಮ್ಮೆ ಕೇಳಿದ ಮಕ್ಕಳು ಮರೆಯುವುದಿಲ್ಲ. ನೀಲೇಶ್ವರದ ಕೋಟ್ಟಪ್ಪುರದಲ್ಲಿ ದೋಣಿಗಟ್ಟೆಯಿದೆ. ಸಮೀಪದ ಅಚ್ಚಾಂತುರುತ್ತಿ ದ್ವೀಪದ ಜನ ದೋಣಿ ಓಟದಲ್ಲಿ ಹೆಸರು ಮಾಡಿದವರು. ತೇಜಸ್ವಿನಿಯಲ್ಲಿ ಉತ್ತರ ಮಲಬಾರಿನ ಜಲೋತ್ಸವ ನಡೆಯುವಾಗ ಎರಡೂ ದಡಗಳು ಜನರಿಂದ ತುಂಬುತ್ತವೆ.

ಇಲ್ಲಿಂದ ತೆಂಕಣಕ್ಕೆ, ಕಣ್ಣೂರು ಜಿಲ್ಲೆಯ ಏಳಿಮಲೆಯ ಬುಡದವರೆಗೆ, ಕವ್ವಾಯಿ ಹಿನ್ನೀರು ಚಾಚಿದೆ. ಉತ್ತರ ಕೇರಳದ ಅತಿ ದೊಡ್ಡ ಜೌಗುನೀರಿನ ಪ್ರದೇಶ ಇದು. ಐದು ಹೊಳೆಗಳು ಇದಕ್ಕೆ ನೀರುಣಿಸುತ್ತವೆ. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಹಿನ್ನೀರು, ಇವೆರಡರ ನಡುವೆ ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿಯಾಗಿ ವಲಿಯಪರಂಬ ಮಲಗಿದೆ. ಕೆಲವೆಡೆ ಅದರ ಅಗಲ ಕೆಲವು ನೂರು ಮೀಟರ್ ಮಾತ್ರ. ಒಂದೇ ಅಂಗಳದಲ್ಲಿ ನಿಂತು ಒಂದು ಕಿವಿಯಿಂದ ತೆರೆಯ ಮೊರೆತವನ್ನೂ ಇನ್ನೊಂದು ಕಿವಿಯಿಂದ ಹುಟ್ಟಿನ ಸಪ್ಪಳವನ್ನೂ ಕೇಳಬಹುದಾದ ನೆಲ ಅದು. ಹಳೆಯ ಮದ್ರಾಸ್ ಪ್ರಾಂತ್ಯದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಈ ನೀರಿನ ಅಂಚಿನಲ್ಲಿ ಮುಗಿದು ಮಲಬಾರ್ ಜಿಲ್ಲೆ ಆರಂಭವಾಗುತ್ತಿತ್ತು. ಇಂದು ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳ ಎಲ್ಲೆಯೂ ಇಲ್ಲಿಯೇ ಇದೆ. ಆಳುವವರು ಬದಲಾದರೂ ಎಲ್ಲೆಯ ಕಲ್ಲನ್ನು ನೀರಿನ ಬದಿಯಲ್ಲೇ ನೆಟ್ಟುದನ್ನು ಗಮನಿಸಬೇಕು.

ದೋಣಿಯವನಿಗೆ ಇಲ್ಲಿ ಮೊದಲು ಕಾಣುವುದು ನೀರಿನಲ್ಲಿ ಸಾಲುಸಾಲಾಗಿ ನಿಂತ ಬಿದಿರಿನ ಚಪ್ಪರಗಳು. ಅವು ಪಚ್ಚಿಲೆಯ ಕೃಷಿಯ ಗದ್ದೆಗಳು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರೇರಣೆಯಿಂದ 1990ರ ದಶಕದ ಉತ್ತರಾರ್ಧದಲ್ಲಿ ಚೆರುವತ್ತೂರು, ಪಡನ್ನದ ಸುತ್ತ ಈ ಕೃಷಿ ಬೇರೂರಿತು. ಮಳೆಗಾಲ ಮುಗಿದು ನೀರು ಮತ್ತೆ ಉಪ್ಪಾದ ಮೇಲೆ, ಕಡಲ ಬಂಡೆಗಳಿಂದ ತಂದ ಪಚ್ಚಿಲೆಯ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳುವಾದ ಹತ್ತಿಬಟ್ಟೆಯಿಂದ ಸುತ್ತಿ ಹೊಲಿಯುತ್ತಾರೆ. ಹಗ್ಗವನ್ನು ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಕಳಚುವಷ್ಟರಲ್ಲಿ ಮರಿಗಳು ತಮ್ಮ ನಾರಿನಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಗೊಬ್ಬರವಿಲ್ಲ, ಮೇವಿಲ್ಲ. ಉಬ್ಬರದ ನೀರು ತಂದುದೇ ಅವುಗಳ ಆಹಾರ. ಮುಂದಿನ ಮಳೆ ನೀರನ್ನು ಸಿಹಿಯಾಗಿಸುವ ಮೊದಲು ಕೊಯ್ಲು ಮುಗಿಯಬೇಕು. ಸ್ವಸಹಾಯ ಸಂಘಗಳ ಮಹಿಳೆಯರು ಈ ಕೃಷಿಯಿಂದ ಮನೆ ನಡೆಸಿದರು, ಮಕ್ಕಳನ್ನು ಓದಿಸಿದರು. ಆದ್ದರಿಂದ ಆ ಹಗ್ಗಗಳಿಗೆ ದೋಣಿ ತಾಗಿಸುವುದೆಂದರೆ ಯಾರದೋ ಗದ್ದೆಯ ಪೈರನ್ನು ತುಳಿದಂತೆಯೇ ಸರಿ.

ಹಿನ್ನೀರಿನ ನಡುವಣ ಇಡಯಿಲೆಕ್ಕಾಡಿನಲ್ಲಿ ಹಳೆಯದೊಂದು ಕಾವು ಇದೆ. ತುಳುನಾಡಿನ ನಾಗಬನಗಳನ್ನು ಬಲ್ಲ ಮಕ್ಕಳಿಗೆ ಕಾವು ಎಂದರೇನೆಂದು ವಿವರಿಸಬೇಕಾಗಿಲ್ಲ. ಅಲ್ಲಿಯ ಮಂಗಗಳಿಗೆ ಓಣಂ ಸಮಯದಲ್ಲಿ ಊರಿನ ಮಕ್ಕಳು ಬಾಳೆ ಎಲೆ ಹಾಸಿ ಹಣ್ಣು ತರಕಾರಿಗಳ ಔತಣ ಬಡಿಸುವುದು ನಾಡಿಗೆಲ್ಲ ತಿಳಿದ ವಿಚಾರ. ಕಾವಿನ ಸುತ್ತಲೂ, ದ್ವೀಪಗಳ ಅಂಚಿನಲ್ಲಿಯೂ ಕಾಂಡ್ಲ ಗಿಡಗಳಿವೆ. ಒಂದು ಕಾಲದಲ್ಲಿ ಕೆಲಸಕ್ಕೆ ಬಾರದ ಪೊದೆಯೆಂದು ಜನ ಅವನ್ನು ಕಡಿದರು. ನೆರೆಯ ಕಣ್ಣೂರು ಜಿಲ್ಲೆಯ ಕೂಲಿಕಾರ ಕಲ್ಲೇನ್ ಪೊಕ್ಕುಡನ್ ಅವರು ಶಾಲೆಯ ವಿದ್ಯೆ ಹೆಚ್ಚಿಲ್ಲದಿದ್ದರೂ ತಮ್ಮ ಕೈಯಾರೆ ಸಾವಿರಾರು ಕಾಂಡ್ಲ ಸಸಿಗಳನ್ನು ನೆಟ್ಟು, ಮೀನು ಮರಿಮಾಡುವುದು ಇವುಗಳ ಬೇರಿನ ನಡುವೆ ಎಂದು ಊರೂರಿಗೆ ಸಾರಿದರು. 2015ರಲ್ಲಿ ಅವರು ತೀರಿಕೊಂಡರು. ಅವರು ನೆಟ್ಟ ಗಿಡಗಳು ಇಂದು ಮರಗಳಾಗಿವೆ.

ಪಂಚಾಂಗ ಮತ್ತು ಉಬ್ಬರ

ಹಿನ್ನೀರಿನಲ್ಲಿ ದೋಣಿ ನಡೆಸುವವನು ಮೊದಲು ಅರಿಯಬೇಕಾದುದು ಉಬ್ಬರ ಇಳಿತಗಳನ್ನು. ಇದಕ್ಕೆ ಬೇಕಾದ ಕೈಪಿಡಿ ಪ್ರತಿ ಮನೆಯ ಗೋಡೆಯ ಮೇಲೂ ತೂಗುತ್ತಿರುತ್ತದೆ. ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಚಂದ್ರನು ದಿನದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಮೂಡುವಂತೆ ಉಬ್ಬರವೂ ಅಷ್ಟೇ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡುವುದರಿಂದ ಏರಿಳಿತ ಹೆಚ್ಚು, ಸೆಳವೂ ಹೆಚ್ಚು. ಅಷ್ಟಮಿಯ ಸುಮಾರಿಗೆ ನೀರು ಸೌಮ್ಯ. ಹೊಸಬರು ಹೊರಡುವುದಾದರೆ ಅಷ್ಟಮಿ, ನವಮಿಗಳನ್ನು ಆರಿಸುವುದು ಜಾಣತನ. ವಿಜ್ಞಾನದ ಪಾಠದಲ್ಲಿ ಓದಿದ ವಿಷಯವನ್ನೂ ಅಜ್ಜಿಯ ಪಂಚಾಂಗವನ್ನೂ ಒಂದೇ ದಿನ ಒರೆಗೆ ಹಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರಕದು.

ಕಾಲವೂ ಮುಖ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊಳೆಗಳು ಕೆಂಪೇರಿ ಹರಿಯುವಾಗ ಚಿಕ್ಕ ದೋಣಿಗೆ ಅಲ್ಲಿ ಕೆಲಸವಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಉತ್ತಮ. ಬೆಳಗಿನ ಹೊತ್ತು ನೀರು ಕನ್ನಡಿಯಂತಿರುತ್ತದೆ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದು ಅಗಲವಾದ ನೀರಿನಲ್ಲಿ ತೆರೆಗಳನ್ನೆಬ್ಬಿಸುತ್ತದೆ. ಆದ್ದರಿಂದ ಹತ್ತು ಹನ್ನೊಂದು ಗಂಟೆಯೊಳಗೆ ದಡ ಸೇರುವುದು ರೂಢಿಯಾಗಬೇಕು. ಅಳಿವೆಯ ಬಾಯಿಯ ಸಮೀಪಕ್ಕೆ ಎಂದೂ ಹೋಗಕೂಡದು. ಇಳಿತದ ವೇಳೆ ಹಿನ್ನೀರಿನ ನೀರೆಲ್ಲ ಆ ಕಿರುಬಾಗಿಲಿನಿಂದ ಕಡಲಿಗೆ ನುಗ್ಗುತ್ತದೆ. ಅಲ್ಲಿ ಸಿಕ್ಕಿದ ಚಿಕ್ಕ ದೋಣಿಯನ್ನು ತೋಳ್ಬಲದಿಂದ ಹಿಂದಕ್ಕೆ ತರುವುದು ಅಸಾಧ್ಯ.

ಸುರಕ್ಷತೆಯ ಮಾತನ್ನು ಹಗುರವಾಗಿ ಎಣಿಸಬಾರದು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ಜೀವ ಕಳೆದುಕೊಂಡರು. ಅವರಲ್ಲಿ ಮಕ್ಕಳೇ ಹೆಚ್ಚು. ಸಾಮರ್ಥ್ಯಕ್ಕೆ ಮೀರಿ ಜನರನ್ನು ಹೇರಿದ್ದುದು, ಸಂಜೆಗತ್ತಲಿನಲ್ಲಿ ಹೊರಟದ್ದು, ಲೈಫ್ ಜಾಕೆಟ್‌ಗಳನ್ನು ತೊಡದಿದ್ದುದು ಎಲ್ಲವೂ ಅಂದು ಒಟ್ಟುಗೂಡಿದ್ದವು. ಮೊಣಕಾಲುದ್ದದ ನೀರೇ ಆದರೂ ಮಕ್ಕಳು ಲೈಫ್ ಜಾಕೆಟ್ ತೊಟ್ಟೇ ದೋಣಿ ಹತ್ತಬೇಕು. ಈಜು ಬಾರದವರನ್ನು ಮೊದಲು ಕೆರೆಯಲ್ಲಿ ಈಜು ಕಲಿಸಿ ಅನಂತರವೇ ಹಿನ್ನೀರಿಗೆ ಕರೆತರಬೇಕು. ಊರಿನ ಒಬ್ಬ ಅನುಭವಿ ದೋಣಿಗಾರನು ಜೊತೆಗಿರಬೇಕು. ಅವನಿಗೆ ಕೊಡುವ ಕೂಲಿ ಆ ದಿನದ ಅತಿ ಸಾರ್ಥಕವಾದ ಖರ್ಚು. ರಾತ್ರಿ ತಂಗುವುದಾದರೆ ಜಾಗದ ಒಡೆಯನನ್ನೋ ಪಂಚಾಯತನ್ನೋ ಕೇಳಿಯೇ ತಂಗಬೇಕು. ತಂದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ವಾಹನಕ್ಕೆ ತುಂಬಬೇಕು.

ನೀರಿನ ಮಾತು

ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯಗಳ ಕನ್ನಡ ಮನೆಯ ಮಗು ವಲಿಯಪರಂಬದ ದಡದಲ್ಲಿ ಇಳಿದಾಗ ಭಾಷೆ ಬೇರೆಯೆಂಬ ಸಂಕೋಚ ಸಹಜ. ಆದರೆ ನೀರಿನ ಶಬ್ದಗಳು ಆ ಸಂಕೋಚವನ್ನು ಬೇಗನೆ ಕಳೆಯುತ್ತವೆ. ಇಲ್ಲಿಯ ದೋಣಿ ಅಲ್ಲಿ ತೋಣಿ. ಇಲ್ಲಿಯ ಓಡ ಅಲ್ಲಿ ಓಡಂ. ಕಡವು ಎರಡೂ ಕಡೆ ಕಡವೇ. ಕಾಂಡ್ಲ ಅಲ್ಲಿ ಕಂಡಲ್. ಮಳಲು ಅಲ್ಲಿ ಮಣಲ್. ಆಮೆ ಆಮ, ಮೀನು ಮೀನ್, ಉಪ್ಪು ಉಪ್ಪೇ. ಹಳಗನ್ನಡದಲ್ಲಿ ಪಕಾರದಿಂದ ತೊಡಗುತ್ತಿದ್ದ ಹೊಳೆ ಎಂಬ ಶಬ್ದವು ಮಲಯಾಳದ ಪುಳ ಎಂಬುದರ ಒಡಹುಟ್ಟು. ಶಾಲೆಯಲ್ಲಿ ಪಕಾರವು ಹಕಾರವಾಗುವ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಆ ನಿಯಮ ಇಲ್ಲಿ ಜೀವಂತವಾಗಿ ಕಿವಿಗೆ ಬೀಳುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿಗೆ ನೆರೆಯ ನುಡಿ ಪರಕೀಯವಾಗುವುದಿಲ್ಲ. ತನ್ನ ನುಡಿಯನ್ನೇ ಅರೆಬರೆಯಾಗಿ ಕಲಿತ ಮಗುವಿಗೆ ಈ ನಂಟು ಕಾಣುವುದೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿಸಿದರೆ ಮಕ್ಕಳು ಈ ಜಿಲ್ಲೆಯಲ್ಲಿಯೇ ಹೊರಗಿನವರಾಗಿಬಿಡುವರೆಂದು ಅಂಜುವ ತಂದೆತಾಯಿಗಳು ಒಮ್ಮೆ ಮಕ್ಕಳೊಂದಿಗೆ ಇಲ್ಲಿಯ ಕಡವಿನಲ್ಲಿ ಅರ್ಧ ದಿನ ಕುಳಿತು ನೋಡಬೇಕು.

ಎಲ್ಲರಿಗೂ ಕವ್ವಾಯಿಯವರೆಗೆ ಹೋಗಲು ಸಾಧ್ಯವಾಗದಿರಬಹುದು. ಹೋಗಲೇಬೇಕೆಂದೂ ಇಲ್ಲ. ಪ್ರತಿ ಕನ್ನಡ ಶಾಲೆಯ ಸಮೀಪದಲ್ಲಿಯೂ ಹೊಳೆಯೋ ತೋಡೋ ಉಂಟು. ಅದರ ಹುಟ್ಟು ಎಲ್ಲಿ, ಅದು ಕಡಲು ಸೇರುವುದು ಎಲ್ಲಿ, ಅಲ್ಲಿ ಹಿಂದೆ ಯಾವ ಕಡವಿತ್ತು, ಕೊನೆಯ ಅಂಬಿಗನ ಮನೆ ಯಾವುದು, ಬೇಸಗೆಯ ಯಾವ ತಿಂಗಳಲ್ಲಿ ನೀರು ಉಪ್ಪಾಗುತ್ತದೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದು ತರುವಂತೆ ಶಿಕ್ಷಕರು ಈ ರಜೆಯಲ್ಲಿ ಹೇಳಬಹುದು. ಮೊದಲ ಎರಡಕ್ಕೆ ನಕ್ಷೆಯಲ್ಲಿ ಉತ್ತರ ಸಿಗುತ್ತದೆ. ಉಳಿದ ಮೂರಕ್ಕೆ ಮನೆಯ ಹಿರಿಯರನ್ನೇ ಕೇಳಬೇಕು. ಅವರು ಇರುವಾಗಲೇ ಕೇಳಬೇಕು.